ಫೋಲ್ಡರ್‌ಗಳಿಗೂ 644 ಕೊಟ್ಟಾಗ ಬರುವ 403 ದೋಷ

ಸರ್ವರಿಗೆ ಕಡತಗಳನ್ನು ಕಳಿಸುವ ಫೈಲ್‌ಝಿಲ್ಲಾ ತಂತ್ರಾಂಶದಲ್ಲಿ ಇಡೀ ಜಾಲತಾಣದ ಫೋಲ್ಡರನ್ನು ಆಯ್ದು, ಒಳಗಿರುವ ಎಲ್ಲದಕ್ಕೂ ಒಮ್ಮೆಲೇ 644 ಅನುಮತಿ ಕೊಟ್ಟ ಮೇಲೆ ಪ್ರತಿ ಪುಟದಲ್ಲೂ 403 ದೋಷ (ಪ್ರವೇಶ ನಿರಾಕರಣೆ) ಬರುತ್ತಿದೆ ಎಂದು ಬರೆದಿದ್ದೀರಿ. ಅನುಮತಿ ಬದಲಿಸುವುದರಿಂದ ಕಡತಗಳು ಅಳಿಯುವುದಿಲ್ಲ. ಆ ಆತಂಕ ಬೇಡ.

644ರಂಥ ಅನುಮತಿಯ ಮೂರು ಅಂಕೆಗಳು ಕ್ರಮವಾಗಿ ಮಾಲೀಕರಿಗೆ, ಗುಂಪಿಗೆ ಮತ್ತು ಉಳಿದವರಿಗೆ ಸೇರಿದವು; ಪ್ರತಿ ಅಂಕೆಯೂ ಓದಲು 4, ಬರೆಯಲು 2, ಚಲಾಯಿಸಲು 1 ಎಂಬ ಬೆಲೆಗಳ ಮೊತ್ತ. ಕಡತಕ್ಕೆ ಆ 1 ಪ್ರೋಗ್ರಾಮ್ ಆಗಿ ಚಲಾಯಿಸುವ ಹಕ್ಕಾದರೆ, ಫೋಲ್ಡರಿಗೆ ಅದೇ 1 ಒಳಗೆ ಪ್ರವೇಶಿಸುವ ಹಕ್ಕು. 644ರಲ್ಲಿ ಅದು ಮಾಲೀಕರಾದ ನಿಮಗೂ ಇಲ್ಲದ ಕಾರಣ ಸರ್ವರ್ ಬಾಗಿಲಲ್ಲೇ ನಿಂತಿದೆ.

ಹೊರಗಿನ ಫೋಲ್ಡರ್ ಮೇಲೆ ಬಲ ಕ್ಲಿಕ್ ಮಾಡಿ, ಅನುಮತಿಗಳ ಕಿಟಕಿಯಲ್ಲಿ 755 ಎಂದು ಬರೆದು, ಉಪಫೋಲ್ಡರ್‌ಗಳಿಗೂ ಅನ್ವಯಿಸುವ ಆಯ್ಕೆಗೆ ಗುರುತು ಹಾಕಿ, ಅದರ ಕೆಳಗೆ ಫೋಲ್ಡರ್‌ಗಳಿಗೆ ಮಾತ್ರ ಎಂಬುದನ್ನು ಆರಿಸಿರಿ. ನೀವು ತಪ್ಪಿದ್ದು ಈ ಕೊನೆಯ ಆಯ್ಕೆಯಲ್ಲಿಯೇ. ಒಳಗಿನ ಯಾವುದಾದರೂ ಫೋಲ್ಡರ್ ತೆರೆಯದಿದ್ದರೆ, ಪಟ್ಟಿಯನ್ನು ರಿಫ್ರೆಶ್ ಮಾಡಿ, ಹೊರಗಿನಿಂದ ಒಳಕ್ಕೆ ಒಂದೊಂದೇ ಹಂತವಾಗಿ ಇದನ್ನೇ ಮಾಡಬೇಕು. ಕಡತಗಳು 644ರಲ್ಲೇ ಇರಲಿ. ಡೇಟಾಬೇಸಿನ ಪಾಸ್‌ವರ್ಡ್ ಇರುವ ಕಡತಕ್ಕೆ ಮಾತ್ರ 640 ಕೊಟ್ಟು, ತಾಣ ತೆರೆಯುತ್ತದೆಯೇ ಎಂದು ಕೂಡಲೇ ನೋಡಿರಿ; ತೆರೆಯದಿದ್ದರೆ ಮತ್ತೆ 644ಕ್ಕೆ ತನ್ನಿರಿ.

ಚಿತ್ರಗಳು ಅಪ್‌ಲೋಡ್ ಆಗುತ್ತಿಲ್ಲವೆಂದು ಅವುಗಳ ಫೋಲ್ಡರಿಗೆ 777 ಕೊಡುವ ಯೋಚನೆಯನ್ನು ದಯವಿಟ್ಟು ಬಿಡಿ: ಆ ಫೋಲ್ಡರ್ ತಲುಪಬಲ್ಲ ಸರ್ವರಿನ ಯಾವುದೇ ಬಳಕೆದಾರ ಅಲ್ಲಿ ಬರೆಯಬಹುದು. ಅಂಥ ತೊಡಕು ಹೆಚ್ಚಾಗಿ ಮಾಲೀಕತ್ವದ್ದು, ಅಂದರೆ ಫೋಲ್ಡರ್ ಸರ್ವರಿನ ಯಾವ ಬಳಕೆದಾರರ ಹೆಸರಿನಲ್ಲಿದೆ ಎಂಬುದರದ್ದು. ಅದನ್ನು ಫೈಲ್‌ಝಿಲ್ಲಾದಿಂದ ಬದಲಿಸಲಾಗದು, ಸರ್ವರಿನಲ್ಲಿ ಜಾಗ ಕೊಟ್ಟಿರುವ ಹೋಸ್ಟಿಂಗ್ ಸಂಸ್ಥೆಯನ್ನೇ ಕೇಳಬೇಕು.