ರೇಟು ಏರಿತೆಂದು ಕರಾರು ಬಿಡಬಹುದಾ?

ಪ್ರಶ್ನೆ: ಸಿದ್ದಾಪುರದ ಹತ್ತಿರ ನಮ್ಮ ಕಾಫಿ ತೋಟ. ಇಟಲಿಯ ಖರೀದಿದಾರರಿಗೆ ರೋಬಸ್ಟಾ ಚೆರ್ರಿ ಎಬಿ ದರ್ಜೆಯ ಕಾಫಿ ಕೊಡಲು ಸಹಿ ಹಾಕಿದ್ದೇನೆ. ರೇಟು ಆಗಲೇ ನಿಗದಿ, ಮಂಗಳೂರು ಎಫ್‌ಒಬಿ. ಈಗ ಮಾರ್ಕೆಟ್ ಎಲ್ಲಿಗೋ ಹೋಗಿದೆ. ಮಳೆಗೆ ಕಾಯಿ ಉದುರಿ ಫಸಲು ಕಡಿಮೆ. ಕೆಂಪು ಸಮುದ್ರದ ಗಲಾಟೆಯಿಂದ ಹಡಗು ಬಾಡಿಗೆಯೂ ಜಾಸ್ತಿ. ಪರಿಸ್ಥಿತಿ ಬದಲಾಗಿದೆ ಎಂದು ಕರಾರು ಬಿಡಬಹುದಾ?

ಉತ್ತರ: ಮೂರು ದೂರುಗಳನ್ನು ಒಂದೇ ಚೀಲಕ್ಕೆ ತುಂಬಿದ್ದೀರಿ. ಹಡಗು ಬಾಡಿಗೆ ನಿಮ್ಮ ತಲೆನೋವೇ ಅಲ್ಲ. ಎಫ್‌ಒಬಿ ಅಂದಮೇಲೆ ಮಂಗಳೂರಿನಲ್ಲಿ ಸರಕು ಹಡಗು ಹತ್ತುವವರೆಗೆ ಮಾತ್ರ ನಿಮ್ಮ ಖರ್ಚು. ನಿಮ್ಮದೇ ಆಗಿದ್ದರೂ ಪ್ರಯೋಜನವಿರಲಿಲ್ಲ ಬಿಡಿ. 1956ರಲ್ಲಿ ಸೂಯೆಜ್ ಮುಚ್ಚಿದಾಗ ಸುಡಾನಿನ ಶೇಂಗಾವನ್ನು ಹ್ಯಾಂಬರ್ಗ್‌ಗೆ ಕಳಿಸಬೇಕಿದ್ದವರು ಇದೇ ವಾದ ಹೂಡಿ ಸೋತರು. ಆಫ್ರಿಕಾ ಸುತ್ತಿಕೊಂಡು ಹೋಗಬಹುದಿತ್ತಲ್ಲ ಎಂದಿತು ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್.

ರೇಟಿನ ವಿಷಯ ಇನ್ನೂ ಕಷ್ಟ. ನಮ್ಮ 1872ರ ಕರಾರು ಕಾಯ್ದೆಯ 56ನೇ ಕಲಂ ಕೆಲಸ ಅಸಾಧ್ಯವಾದರೆ ಬಿಡುಗಡೆ ಕೊಡುತ್ತದೆ, ಲಾಭ ತಪ್ಪಿದರೆ ಅಲ್ಲ. ಇಂಡೋನೇಷ್ಯಾದ ಕಲ್ಲಿದ್ದಲು ದುಬಾರಿಯಾಯಿತೆಂದು ವಿದ್ಯುತ್ ಕಂಪನಿಗಳು ಹೋದಾಗಲೂ, 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಹೇಳಿತು. ರೇಟು ಬಿದ್ದಿದ್ದರೆ ನೀವು ಹಳೇ ರೇಟನ್ನೇ ಕೇಳುತ್ತಿದ್ರಿ, ಅಲ್ವಾ?

ಫಸಲಿನಲ್ಲಿ ಸ್ವಲ್ಪ ದಾರಿಯಿದೆ. ಕರಾರಿನಲ್ಲಿ ನಿಮ್ಮ ತೋಟದ ಕಾಫಿ ಎಂದಿದೆಯಾ, ಬರೀ ರೋಬಸ್ಟಾ ಎಂದಿದೆಯಾ? ಬರೀ ರೋಬಸ್ಟಾ ಎಂದಿದ್ದರೆ ಪಕ್ಕದ ತೋಟದಿಂದಾದರೂ ಕೊಂಡು ಕೊಡಬೇಕು. ತೋಟದ ಹೆಸರಿದ್ದರೆ ಮಾತು ಬೇರೆ. ಇಂಗ್ಲೆಂಡಿನಲ್ಲಿ ಒಬ್ಬ ರೈತ ತನ್ನದೇ ಹೊಲದ 200 ಟನ್ ಆಲೂಗಡ್ಡೆ ಮಾರಿದ್ದ. ರೋಗ ಬಂದು ಸುಮಾರು 80 ಟನ್ ಮಾತ್ರ ಸಿಕ್ಕಿತು, ಅಷ್ಟನ್ನೇ ಕೊಟ್ಟ. ಉಳಿದದ್ದಕ್ಕೆ ಪರಿಹಾರ ಬೇಕಿಲ್ಲ ಎಂದು 1876ರಲ್ಲಿ ತೀರ್ಪಾಯಿತು. ಗಮನಿಸಿ, ಬೆಳೆದಷ್ಟನ್ನು ಅವನು ಕೊಟ್ಟಿದ್ದ.

ಯಾವ ದೇಶದ ಕಾನೂನು ಎಂಬ ಸಾಲನ್ನೂ ಹುಡುಕಿ. ಸಾಮಾನ್ಯವಾಗಿ ಕೊನೇ ಪುಟದಲ್ಲಿ ಸಣ್ಣ ಅಕ್ಷರದಲ್ಲಿರುತ್ತದೆ. ಇಟಲಿಯ ಕಾನೂನು ಎಂದಷ್ಟೇ ಇದ್ದರೆ, ದೇಶ-ದೇಶಗಳ ನಡುವಿನ ಸರಕು ಮಾರಾಟಕ್ಕಿರುವ 1980ರ ವಿಯೆನ್ನಾ ಒಪ್ಪಂದ, ಭಾರತ ಅದಕ್ಕೆ ಸೇರದಿದ್ದರೂ, ನಿಮಗೂ ತಗುಲಬಹುದು. ಅದರ 79ನೇ ವಿಧಿಯೂ ಕೈಮೀರಿದ ಅಡ್ಡಿಯನ್ನಷ್ಟೇ ನೋಡುತ್ತದೆ. ಉಕ್ಕಿನ ಬೆಲೆ ಶೇ 70ರಷ್ಟು ಏರಿದ ಕೇಸಿನಲ್ಲಿ ಬೆಲ್ಜಿಯಂ ಕೋರ್ಟ್ 2009ರಲ್ಲಿ ಮರುಮಾತುಕತೆಗೆ ಅವಕಾಶ ಕೊಟ್ಟಿದ್ದು ನಿಜ. ಅದೊಂದನ್ನೇ ನಂಬಿ ಸರಕು ತಡೆಯಬೇಡಿ.

ಕರಾರಿನಲ್ಲಿ ಫೋರ್ಸ್ ಮೇಜರ್ ಕಲಂ, ಅಂದರೆ ಕೈಮೀರಿದ ಅಡ್ಡಿ ಬಂದರೆ ವಿನಾಯಿತಿ ಕೊಡುವ ಕಲಂ, ಇದ್ದರೆ ಅದರಲ್ಲಿ ನೋಟಿಸಿನ ಗಡುವಿದೆಯಾ ನೋಡಿ. ತೋಟದ ಮಳೆ ಪುಸ್ತಕದ ಇಂಚು-ಸೆಂಟಿನ ಲೆಕ್ಕ, ಉದುರಿದ ಕಾಯಿಯ ಫೋಟೊ, ಕೊಯ್ಲಿನ ಚೀಟಿಗಳನ್ನು ಸೇರಿಸಿ ಈ ವಾರವೇ ಮೇಲ್ ಕಳಿಸಿ. ರೇಟಿನ ಮಾತು ಮಾತ್ರ ಆ ಮೇಲ್‌ನಲ್ಲಿ ಬೇಡ.