ಮರಿ, ಕ್ರೇಟು, ಒದ್ದೆ ಚಾಪೆ: ಓದುಗರ ಪ್ರಶ್ನೆಗಳಿಗೆ ಉತ್ತರ

ನಾಯಿಮರಿಗೆ ಶೌಚದ ಅಭ್ಯಾಸ ಮಾಡಿಸುವುದರ ಬಗ್ಗೆ ಬಂದ ಪತ್ರಗಳಲ್ಲಿ ಒಂದೇ ಬಗೆಯವನ್ನು ಒಟ್ಟುಗೂಡಿಸಿ ಇಲ್ಲಿ ಉತ್ತರಿಸಲಾಗಿದೆ.

ಪ್ರಶ್ನೆ: ನಮ್ಮ ಮರಿಗೆ ಒಂಬತ್ತು ವಾರ. ಹೊರಗೆ ಅರ್ಧ ಗಂಟೆ ಸುತ್ತಾಡಿಸಿದರೂ ಏನೂ ಮಾಡುವುದಿಲ್ಲ. ಒಳಗೆ ಕಾಲಿಟ್ಟ ಕೂಡಲೇ ಚಾಪೆಯ ಮೇಲೆ ಒಂದಕ್ಕೆ ಹೋಗುತ್ತದೆ. ಬೇಕೆಂದೇ ಹೀಗೆ ಮಾಡುತ್ತದೆಯೇ?

ಉತ್ತರ: ಇಲ್ಲ. ಹೊರಗೆ ನೂರೆಂಟು ವಾಸನೆ, ಹಾರುವ ಎಲೆ, ಓಡುವ ಇರುವೆ. ಅದನ್ನೆಲ್ಲ ನೋಡುವ ಗಡಿಬಿಡಿಯಲ್ಲಿ ಮರಿಗೆ ಬಂದ ಕೆಲಸವೇ ಮರೆತುಹೋಗುತ್ತದೆ. ಒಳಗೆ ಬಂದು ಸುಮ್ಮನಾದಾಗ ಅವಸರ ಗೊತ್ತಾಗುತ್ತದೆ, ಕಾಲ ಕೆಳಗೆ ಮೆತ್ತಗಿನ ಚಾಪೆಯೂ ಸಿಗುತ್ತದೆ. ಬದಲಾಗಬೇಕಾದದ್ದು ನಿಮ್ಮ ಅರ್ಧ ಗಂಟೆಯ ಸುತ್ತಾಟ.

ಒಂದೂವರೆ ಎರಡು ಮೀಟರ್ ಹಗ್ಗ ಕಟ್ಟಿ, ಪ್ರತಿ ಸಲವೂ ಒಂದೇ ಜಾಗಕ್ಕೆ ಕರೆದೊಯ್ಯಿರಿ. ಅಲ್ಲಿ ಕಂಬದ ಹಾಗೆ ನಿಂತುಬಿಡಿ. ಮಾತಿಲ್ಲ, ಆಟವಿಲ್ಲ. ಐದು ನಿಮಿಷ ಕಾಯಿರಿ. ಮರಿ ಕೂತು ಶುರು ಮಾಡಿದಾಗ ಮೆಲ್ಲಗೆ ಒಂದೇ ಪದ ಹೇಳಿ. ದಿನವೂ ಅದೇ ಪದ ಬಳಸಿದರೆ ಮುಂದೆ ಆ ಪದವೇ ನೆನಪಿಸುವ ಸೂಚನೆಯಾಗುತ್ತದೆ. ಮುಗಿಸಿದ ಒಂದೆರಡು ಸೆಕೆಂಡಿನೊಳಗೆ ಅಲ್ಲೇ ತಿನಿಸಿನ ಚೂರು ಕೊಡಿ. ಮನೆ ಬಾಗಿಲಿಗೆ ಬಂದು ಕೊಟ್ಟರೆ ಒಳಗೆ ಬಂದದ್ದಕ್ಕೆ ಬಹುಮಾನ ಸಿಕ್ಕಿತೆಂದೇ ಮರಿ ತಿಳಿಯುತ್ತದೆ. ಕೆಲವು ಜಾಣ ಮರಿಗಳಂತೂ ತಿನಿಸಿನ ಆಸೆಗೆ ಅರ್ಧ ಹೊರಗೆ ಮಾಡಿ ಒಳಗೆ ಓಡಿಬರುತ್ತವೆ, ಉಳಿದರ್ಧ ನಿಮ್ಮ ಚಾಪೆಗೆ. ಹಾಗಾಗಿ ಮುಗಿಸಿ ಏಳುವವರೆಗೆ ಹೊಗಳಿಕೆಯ ಗದ್ದಲ ಬೇಡ. ಆಮೇಲೆ ಬೇಕಾದಷ್ಟು ಸುತ್ತಾಡಿಸಿ. ಕೆಲಸ ಮುಗಿದ ಕೂಡಲೇ ಒಳಗೆ ಎಳೆದುಕೊಂಡು ಹೋದರೆ, ಹೊರಗಿರಬೇಕಾದರೆ ತಡೆದುಕೊಳ್ಳಬೇಕು ಎಂಬ ಪಾಠ ಕಲಿಯುತ್ತದೆ.

ಐದು ನಿಮಿಷದಲ್ಲಿ ಏನೂ ಆಗದಿದ್ದರೆ ಒಳಗೆ ತನ್ನಿ, ಆದರೆ ನೆಲಕ್ಕೆ ಬಿಡಬೇಡಿ. ಮಡಿಲಲ್ಲೋ ಕ್ರೇಟಿನಲ್ಲೋ (ನಾಯಿ ಮಲಗಲು ಬಳಸುವ, ಬಾಗಿಲಿರುವ ಗೂಡು) ಹತ್ತು ಹದಿನೈದು ನಿಮಿಷ ಇಟ್ಟು ಮತ್ತೆ ಅದೇ ಜಾಗಕ್ಕೆ ಒಯ್ಯಿರಿ. ಬಹುತೇಕರು ಎಡವುವುದು ಈ ಕಾಲು ಗಂಟೆಯಲ್ಲೇ.

ಎಷ್ಟು ಹೊತ್ತಿಗೊಮ್ಮೆ ಎಂದರೆ: ನಿದ್ದೆಯಿಂದ ಎದ್ದ ಕೂಡಲೇ, ಆಟದ ನಡುವೆ ಮತ್ತು ಕೊನೆಗೆ, ಊಟವಾದ ಐದರಿಂದ ಮೂವತ್ತು ನಿಮಿಷದೊಳಗೆ, ರಾತ್ರಿ ಮಲಗುವ ಮುನ್ನ. ಇವಲ್ಲದೆ ಈ ವಯಸ್ಸಿನಲ್ಲಿ ಎಚ್ಚರವಿರುವಾಗ ಗಂಟೆಗೊಮ್ಮೆಯಾದರೂ. ಊಟದ ನಂತರವೇ ಯಾಕೆಂದರೆ ಜಠರ ತುಂಬುತ್ತಿದ್ದಂತೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ. ಅದು ಮರಿಯ ಹಿಡಿತದಲ್ಲಿಲ್ಲ. 'ತಿಂಗಳ ವಯಸ್ಸಿಗೆ ಒಂದು ಕೂಡಿಸಿದರೆ ಅಷ್ಟು ಗಂಟೆ ತಡೆಯುತ್ತದೆ' ಎಂಬ ಲೆಕ್ಕ ಕೇಳಿರುತ್ತೀರಿ. ಅದು ನಿದ್ರಿಸುವ ಮರಿಯ ಗರಿಷ್ಠ ಮಿತಿ. ಕುಣಿದಾಡುವ ಮರಿಗೆ ಅದನ್ನು ಹಚ್ಚಿದವರು ನೆಲ ಒರೆಸುತ್ತಲೇ ಇರುತ್ತಾರೆ. ತಡೆದುಕೊಳ್ಳುವ ಶಕ್ತಿ ನಾಲ್ಕು ತಿಂಗಳ ಆಸುಪಾಸಿನಲ್ಲಿ ಬರತೊಡಗುತ್ತದೆ. ಆರು ತಿಂಗಳಾಗದೆ ಪೂರ್ತಿ ನಂಬುವಂತಿಲ್ಲ. ಪುಟ್ಟ ತಳಿಗಳಿಗೆ ಇನ್ನೂ ತಡವಾಗಬಹುದು.

ಮೂರ್ನಾಲ್ಕು ದಿನ ಒಂದು ಹಾಳೆಯಲ್ಲಿ ತಿಂದ, ಕುಡಿದ, ಮಲಗಿದ, ಒಂದಕ್ಕೆ ಎರಡಕ್ಕೆ ಹೋದ ಸಮಯ ಬರೆದಿಡಿ. ನಿಮ್ಮ ಮರಿಯ ಲಯ ಕಣ್ಣಿಗೆ ಕಾಣುತ್ತದೆ. ಊಟ ದಿನಕ್ಕೆ ಮೂರ್ನಾಲ್ಕು ಸಲ ನಿಗದಿತ ಹೊತ್ತಿಗೆ. ಹದಿನೈದು ಇಪ್ಪತ್ತು ನಿಮಿಷವಾದ ಮೇಲೆ ಬಟ್ಟಲು ಎತ್ತಿಬಿಡಿ. ದಿನವಿಡೀ ಬಟ್ಟಲು ತುಂಬಿದ್ದರೆ ಹಿಂಬದಿಯ ವೇಳಾಪಟ್ಟಿಗೂ ತಲೆಬುಡ ಇರುವುದಿಲ್ಲ. ನೀರು ಮಾತ್ರ ಹಗಲಿಡೀ ಸಿಗುತ್ತಿರಲಿ.

ಪ್ರಶ್ನೆ: ಮುಂದೆ ಬೆಳೆಯುತ್ತದಲ್ಲ ಎಂದು ದೊಡ್ಡ ಕ್ರೇಟನ್ನೇ ತಂದೆವು. ಒಂದು ಮೂಲೆಯಲ್ಲಿ ಮಲಗುತ್ತದೆ, ಇನ್ನೊಂದು ಮೂಲೆಯಲ್ಲಿ ಗಲೀಜು ಮಾಡುತ್ತದೆ.

ಉತ್ತರ: ಕ್ರೇಟು ಕೆಲಸ ಮಾಡುವುದು ಒಂದು ಸಹಜ ಗುಣದ ಮೇಲೆ. ಹುಟ್ಟಿದ ಮರಿಯನ್ನು ತಾಯಿ ನೆಕ್ಕಿ ಮೂತ್ರ ಮಾಡಿಸಿ ತಾನೇ ಶುಚಿಗೊಳಿಸುತ್ತದೆ. ಸುಮಾರು ಮೂರು ವಾರ ಕಳೆದು ನಡೆಯಲು ಬಂದಾಗ ಮರಿ ತಾನಾಗಿ ಮಲಗುವ ಜಾಗದಿಂದ ಆಚೆ ಹೋಗತೊಡಗುತ್ತದೆ. ನೀವು ಕೊಟ್ಟಿರುವ ಮನೆಯಲ್ಲಿ ಆ 'ಆಚೆ'ಯೂ ಒಳಗೇ ಇದೆ. ಮರಿ ಶಿಸ್ತಾಗಿಯೇ ನಡೆದುಕೊಳ್ಳುತ್ತಿದೆ!

ತಲೆ ತಗ್ಗಿಸದೆ ನಿಲ್ಲಲು, ಸುತ್ತು ತಿರುಗಲು, ಕಾಲು ಚಾಚಿ ಮಲಗಲು ಸಾಲುವಷ್ಟು ಜಾಗ ಸಾಕು. ಅಳತೆ ಬೇಕೆಂದರೆ ಮೂಗಿನಿಂದ ಬಾಲದ ಬುಡದವರೆಗಿನ ಉದ್ದಕ್ಕೆ 5ರಿಂದ 10 ಸೆಂಟಿಮೀಟರ್ ಸೇರಿಸಿ; ಕೂತಾಗ ನೆತ್ತಿಯ ಎತ್ತರಕ್ಕೂ ಅಷ್ಟೇ. ಕ್ರೇಟು ಮರಳಿಸಬೇಕಿಲ್ಲ. ತಂತಿಯ ಕ್ರೇಟುಗಳೊಂದಿಗೆ ಅಡ್ಡಕ್ಕೆ ನಿಲ್ಲಿಸುವ ತಡಿಕೆ ಹೆಚ್ಚಾಗಿ ಬಂದಿರುತ್ತದೆ. ಅದನ್ನು ಮುಂದಕ್ಕೆ ಸಿಕ್ಕಿಸಿ, ಮರಿ ಬೆಳೆದಂತೆ ಹಿಂದೆ ಸರಿಸುತ್ತ ಹೋಗಿ. ತಂತಿಯದಕ್ಕೆ ಗಾಳಿ ಚೆನ್ನಾಗಿ ಆಡುತ್ತದೆ. ಪ್ಲಾಸ್ಟಿಕ್ಕಿನದು ಗುಹೆಯಂತಿದ್ದು ಅಂಜುಬುರುಕ ಮರಿಗೆ ಹಿತ. ಬಟ್ಟೆಯದನ್ನು ಕಚ್ಚುವ ವಯಸ್ಸಿನ ಮರಿಗೆ ತರಬೇಡಿ. ಯಾವುದಾದರೂ ಸರಿ, ಒಳಗೆ ಬಿಡುವ ಮುನ್ನ ಕತ್ತಿನ ಪಟ್ಟಿ ಬಿಚ್ಚಿ. ತಂತಿಗೆ ಸಿಕ್ಕಿಕೊಂಡರೆ ಉಸಿರು ಕಟ್ಟುತ್ತದೆ.

ಪ್ರಶ್ನೆ: ಕ್ರೇಟಿಗೆ ಹಾಕಿ ಬಾಗಿಲು ಮುಚ್ಚಿದರೆ ಮನೆ ಹಾರಿಹೋಗುವಂತೆ ಕಿರುಚುತ್ತದೆ. 'ಪಾಪ, ಜೈಲಿಗೆ ಹಾಕಿದ್ದೀರಿ' ಎಂದು ಮನೆಯವರು ಬೈಯುತ್ತಾರೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು.

ಉತ್ತರ: ನೂಕಿ ಬಾಗಿಲು ಹಾಕಿದರೆ ಅದು ಜೈಲೇ, ಬೈಗುಳ ತಪ್ಪಲ್ಲ. ಮರಿಯೇ ನಡೆದು ಒಳಗೆ ಹೋಗಬೇಕು. ಅದಕ್ಕೆ ಕೆಲವು ದಿನ ಬೇಕಾಗುತ್ತದೆ, ಕೆಲವು ಮರಿಗಳಿಗೆ ಎರಡು ಮೂರು ವಾರವೂ.

ಮೊದಲು ಬಾಗಿಲು ತಾನಾಗಿ ಮುಚ್ಚಿಕೊಂಡು ಬಡಿಯದಂತೆ ಕಟ್ಟಿಡಿ. ಜನ ಓಡಾಡುವ ಕೋಣೆಯಲ್ಲಿ ಕ್ರೇಟು ಇರಲಿ. ಬಾಗಿಲ ಬಳಿ ಒಂದು, ಹೊಸ್ತಿಲ ಮೇಲೆ ಒಂದು, ಒಳಗೆ ಹಿಂಬದಿಯಲ್ಲಿ ಒಂದು ಎಂದು ಕಡಲೆಕಾಳಿನಷ್ಟು ತಿನಿಸು ಎಸೆಯಿರಿ. ಹೋಗಿ ತಿಂದು ಹೊರಗೆ ಬರಲಿ, ತಡೆಯಬೇಡಿ. ಅಂಜಿಕೆ ಹೋದ ಮೇಲೆ ಊಟದ ಬಟ್ಟಲನ್ನೇ ಒಳಗಿಡಿ. ತಲೆಬಗ್ಗಿಸಿ ತಿನ್ನುವಾಗ ಬಾಗಿಲು ಸರಿಸಿ, ತಿಂದು ಮುಗಿಸುವ ಮೊದಲೇ ತೆರೆಯಿರಿ. ದಿನಕ್ಕೊಂದಿಷ್ಟು ಹೆಚ್ಚಿಸುತ್ತ, ಊಟವಾದ ಮೇಲೂ ಹತ್ತು ನಿಮಿಷ ಮುಚ್ಚಿದ ಬಾಗಿಲ ಹಿಂದೆ ನೆಮ್ಮದಿಯಿಂದ ಇರುವಂತಾಗಲಿ. ಅಷ್ಟು ಹೊತ್ತು ನೀವು ಪಕ್ಕದಲ್ಲೇ ಕೂತಿರಿ. ಬಳಿಕ ಒಂದು ನಿಮಿಷ ಕೋಣೆಯಿಂದ ಆಚೆ ಹೋಗಿ ಬನ್ನಿ; ಆಮೇಲೆ ಐದು, ಹದಿನೈದು, ಮೂವತ್ತು. ನಡುವೆ ಆಗಾಗ ಸುಲಭದ ಎರಡು ನಿಮಿಷವನ್ನೂ ಸೇರಿಸಿ. ಪ್ರತಿ ಸಲವೂ ಅವಧಿ ಏರುತ್ತಲೇ ಹೋದರೆ ಮರಿ ಅದನ್ನು ಪತ್ತೆಹಚ್ಚಿ ಮುಂಚಿತವಾಗಿಯೇ ತಕರಾರು ಶುರು ಮಾಡುತ್ತದೆ. ಕಿರುಚಾಟ ಬಂತೆಂದರೆ ಅವಸರ ಮಾಡಿದ್ದೀರಿ ಎಂದರ್ಥ; ಎರಡು ಹೆಜ್ಜೆ ಹಿಂದೆ ಹೋಗಿ.

ಆಡಿ ದಣಿದು, ಶೌಚ ಮುಗಿಸಿ, ಕಣ್ಣು ಮುಚ್ಚಿಬರುವ ಮರಿಯನ್ನು ಒಳಗೆ ಬಿಟ್ಟರೆ ಅರ್ಧ ಕೆಲಸ ನಿದ್ದೆಯೇ ಮಾಡುತ್ತದೆ. ತಪ್ಪು ಮಾಡಿದಾಗ ಶಿಕ್ಷೆಯಾಗಿ ಅದರೊಳಗೆ ತಳ್ಳುವುದನ್ನು ಮಾತ್ರ ಯಾರೂ ಮಾಡಕೂಡದು, ಮಕ್ಕಳಿಗೂ ಹೇಳಿಡಿ.

ನಿಮ್ಮ ಕೆಲಸದ ಅವಧಿಯ ವಿಷಯ. ಹಗಲಿನಲ್ಲಿ ಮೂರ್ನಾಲ್ಕು ತಿಂಗಳ ಮರಿಗೆ ಒಮ್ಮೆಗೆ ಎರಡು ಮೂರು ಗಂಟೆ, ಆರು ತಿಂಗಳವರೆಗೆ ಹೆಚ್ಚೆಂದರೆ ನಾಲ್ಕು. ಎಂಟು ಗಂಟೆ ಬೀಗ ಹಾಕಿದ ಕ್ರೇಟಿನಲ್ಲಿ ಮರಿಯನ್ನು ಬಿಟ್ಟುಹೋಗಲು ಯಾವ ತರಬೇತಿಯೂ ದಾರಿಯಲ್ಲ. ನಡುವೆ ಬಂದು ಹೊರಗೆ ಒಯ್ಯುವವರನ್ನು ಗೊತ್ತುಮಾಡಿ. ಆಗದಿದ್ದರೆ ಸಣ್ಣ ಕೋಣೆಯನ್ನೋ ಬೇಲಿ ಕಟ್ಟಿದ ಮೂಲೆಯನ್ನೋ ಕೊಟ್ಟು, ಒಂದು ಬದಿಗೆ ಬಾಗಿಲು ತೆರೆದ ಕ್ರೇಟು, ಇನ್ನೊಂದು ಬದಿಗೆ ಶೌಚಕ್ಕೆ ಹುಲ್ಲು ತುಂಬಿದ ತಟ್ಟೆ ಇಡಿ. ಅಭ್ಯಾಸ ನಿಧಾನವಾಗುತ್ತದೆ, ಆದರೆ ಮರಿ ತನ್ನ ಗಲೀಜಿನಲ್ಲೇ ಮಲಗಬೇಕಾಗುವುದಿಲ್ಲ.

ಇನ್ನೊಂದು: ಒಂಟಿಯಾದ ಕೂಡಲೇ ಜೊಲ್ಲು ಸುರಿಸುವುದು, ಸರಳು ಕಚ್ಚಿ ಹಲ್ಲು ಒಸಡಿಗೆ ಗಾಯ ಮಾಡಿಕೊಳ್ಳುವುದು, ಉಗುರು ಕಿತ್ತುಹೋಗುವಷ್ಟು ಪರಚುವುದು ಹಠದ ಲಕ್ಷಣವಲ್ಲ. ಅದು ಒಂಟಿತನದ ವಿಪರೀತ ಭಯ. ಅಂಥ ನಾಯಿಗೆ ಕ್ರೇಟು ನಿಲ್ಲಿಸಿ ಪಶುವೈದ್ಯರನ್ನು ಕಾಣಿ.

ಪ್ರಶ್ನೆ: ರಾತ್ರಿ ಎರಡು ಗಂಟೆಗೆ ಅಳುತ್ತದೆ. ಎತ್ತಿಕೊಂಡರೆ ರೂಢಿಯಾಗುತ್ತದೆ ಎನ್ನುತ್ತಾರೆ. ಸುಮ್ಮನಿದ್ದರೆ ಬೆಳಿಗ್ಗೆ ಹಾಸಿಗೆ ಒದ್ದೆ.

ಉತ್ತರ: ಒದ್ದೆಯಾಗಿತ್ತು ಎಂದರೆ ಅಳು ನಿಜವಾದ ಅಳುವೇ. ಮೊದಲ ವಾರಗಳಲ್ಲಿ ಕ್ರೇಟು ನಿಮ್ಮ ಮಂಚದ ಪಕ್ಕದಲ್ಲಿರಲಿ. ಒಡಹುಟ್ಟಿದವನ್ನು ಬಿಟ್ಟು ಬಂದ ಮರಿಗೆ ಉಸಿರಾಟದ ಸದ್ದೇ ಸಮಾಧಾನ, ಹೊರಳಾಟ ಶುರುವಾದದ್ದು ನಿಮಗೂ ಬೇಗ ಕೇಳುತ್ತದೆ. ಎದ್ದಾಗ ದೀಪ ಹಾಕದೆ, ಮಾತಾಡದೆ, ಎತ್ತಿಕೊಂಡು ಜಾಗಕ್ಕೆ ಒಯ್ದು, ಮುಗಿದ ಕೂಡಲೇ ಮರಳಿ ಕ್ರೇಟಿಗೆ. ಆಟವೂ ಇಲ್ಲ, ಮಂಚವೂ ಇಲ್ಲ. ಇಷ್ಟು ಸಪ್ಪೆಯಾದ ಹೊರಸಂಚಾರಕ್ಕಾಗಿ ಯಾವ ಮರಿಯೂ ಸುಳ್ಳು ಅಳು ಕಲಿಯುವುದಿಲ್ಲ. ಹೊರಗೆ ಏನೂ ಮಾಡದೆ ಬಂದು ಮತ್ತೆ ಕುಂಯ್‌ಗುಟ್ಟಿದರೆ ಆಗ ಕೇಳಿಯೂ ಕೇಳದಂತಿರಿ.

ಇದಕ್ಕಿಂತ ಒಳ್ಳೆಯ ಉಪಾಯ, ಅಳುವ ಮೊದಲೇ ಅಲಾರಂ ಇಟ್ಟು ಏಳುವುದು. ಎರಡು ಗಂಟೆಗೆ ಏಳುವ ಮರಿಯನ್ನು ಒಂದೂಮುಕ್ಕಾಲಿಗೆ ಒಯ್ಯಿರಿ. ಮೂರ್ನಾಲ್ಕು ದಿನ ಒಣ ರಾತ್ರಿ ಸಿಕ್ಕರೆ ಹದಿನೈದು ನಿಮಿಷ ಮುಂದಕ್ಕೆ ತಳ್ಳುತ್ತ ಹೋಗಿ. ಮಲಗುವ ಒಂದು ಗಂಟೆ ಮುಂಚೆ ನೀರಿನ ಬಟ್ಟಲು ಎತ್ತಬಹುದು. ಸೆಕೆ ಜೋರಾಗಿದ್ದರೆ ಅಥವಾ ಮರಿಗೆ ಭೇದಿ, ವಾಂತಿ ಇದ್ದರೆ ಎತ್ತಬಾರದು.

ಪ್ರಶ್ನೆ: ಮೂತಿಯನ್ನು ಗಲೀಜಿಗೆ ಒತ್ತಿ ಉಜ್ಜಿದರೆ ಬುದ್ಧಿ ಬರುತ್ತದೆ ಎನ್ನುತ್ತಾರಲ್ಲ? ಬೈದಾಗ ತಪ್ಪಿತಸ್ಥನಂತೆ ತಲೆ ತಗ್ಗಿಸುತ್ತದೆ.

ಉತ್ತರ: ತಲೆ ತಗ್ಗಿಸುವುದು ನಿಮ್ಮ ದನಿಗೆ. ಹತ್ತು ನಿಮಿಷದ ಹಿಂದಿನ ಮೂತ್ರಕ್ಕೂ ಈಗಿನ ಕೋಪಕ್ಕೂ ಅದು ನಂಟು ಹಾಕಲಾರದು. ಕಲಿಯುವ ಪಾಠ ಒಂದೇ, ಮನುಷ್ಯರ ಎದುರು ಮೂತ್ರ ಮಾಡಿದರೆ ಅಪಾಯ. ಆಮೇಲೆ ಸೋಫಾದ ಹಿಂದೆ ಹೋಗಿ ಮಾಡುತ್ತದೆ, ಹೊರಗೆ ಹಗ್ಗದ ತುದಿಯಲ್ಲಿ ನೀವು ನಿಂತಿದ್ದರೆ ಮಾಡುವುದೇ ಇಲ್ಲ.

ಮಾಡುತ್ತಿರುವಾಗಲೇ ಕಂಡರೆ ಮೆಲ್ಲಗೆ ಚಪ್ಪಾಳೆ ತಟ್ಟಿ, ಎತ್ತಿ ಹೊರಗೆ ಒಯ್ಯಿರಿ; ಉಳಿದದ್ದನ್ನು ಅಲ್ಲಿ ಮುಗಿಸಿದರೆ ತಿನಿಸು ಕೊಡಿ. ಆಮೇಲೆ ಕಂಡರೆ ಬಾಯಿ ಮುಚ್ಚಿಕೊಂಡು ಒರೆಸಿ. ಒರೆಸುವುದರಲ್ಲೂ ಲೆಕ್ಕವಿದೆ. ಉಜ್ಜಿದರೆ ಒಳಕ್ಕಿಳಿಯುತ್ತದೆ, ಬಟ್ಟೆ ಒತ್ತಿ ಹೀರಿಸಬೇಕು. ಅಮೋನಿಯಾ ಇರುವ ದ್ರಾವಣ ಬೇಡ, ಹಳೆಯ ಮೂತ್ರದ ವಾಸನೆಯೂ ಅದೇ ಆದ್ದರಿಂದ ಮರಿ ಅಲ್ಲಿಗೇ ಮರಳುತ್ತದೆ. ಮೂತ್ರದ ಮೇಲೆ ನೇರವಾಗಿ ಬ್ಲೀಚ್ ಸುರಿದರೆ ಕಣ್ಣು, ಶ್ವಾಸಕ್ಕೆ ಕೆಟ್ಟ ಹೊಗೆ ಏಳುತ್ತದೆ. ಎನ್‌ಜೈಮ್ ಇರುವ ಕ್ಲೀನರನ್ನು ಧಾರಾಳವಾಗಿ ಸುರಿದು, ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಒದ್ದೆಯಾಗಿಯೇ ಬಿಡಿ. ಸಿಂಪಡಿಸಿ ತಕ್ಷಣ ಒರೆಸಿದರೆ ಎನ್‌ಜೈಮಿಗೆ ವಾಸನೆಯ ಮೂಲವನ್ನು ಒಡೆಯಲು ಸಮಯವೇ ಸಿಗುವುದಿಲ್ಲ.

ಪ್ರಶ್ನೆ: ಚಿಕ್ಕ ಕ್ರೇಟಿನಲ್ಲೇ ಗಲೀಜು ಮಾಡಿ ಅದರ ಮೇಲೇ ಮಲಗುತ್ತದೆ.

ಉತ್ತರ: ಹುಟ್ಟಿನಿಂದ ಕೊಳಕು ಗೂಡಿನಲ್ಲಿ ಬೆಳೆದ ಮರಿಗೆ ಶುಚಿಯ ಸಹಜ ಗುಣ ಮಂಕಾಗಿರುತ್ತದೆ. ಹಾಸಿಗೆ ತೆಗೆದು ಬರಿ ತಳದ ಮೇಲೆ ಮಲಗಿಸಿ ನೋಡಿ, ಹೀರುವ ಬಟ್ಟೆಯೇ ಕೆಲವಕ್ಕೆ ಶೌಚದ ಜಾಗ. ಊಟ ಕ್ರೇಟಿನೊಳಗೇ ಕೊಡಿ, ಹೊರಗೆ ಒಯ್ಯುವ ಅಂತರವನ್ನು ಅರ್ಧಕ್ಕಿಳಿಸಿ. ಆದರೂ ಬಗೆಹರಿಯದಿದ್ದರೆ ಮಲ, ಮೂತ್ರ ಪರೀಕ್ಷೆ ಮಾಡಿಸಿ. ಗಳಿಗೆಗೊಮ್ಮೆ ಒಂದಿಷ್ಟೇ ಹನಿಸುವುದು, ತಿಣುಕುವುದು, ರಕ್ತ ಕಾಣುವುದು ಸೋಂಕಿನ ಗುರುತಾಗಿರಬಹುದು. ತಿಣುಕಿದರೂ ಹನಿಯೂ ಬರದಿದ್ದರೆ ಅದೇ ದಿನ ವೈದ್ಯರಲ್ಲಿಗೆ ಓಡಿ.

ಪ್ರಶ್ನೆ: ನಮ್ಮದು ಮೇಲಿನ ಮಹಡಿ, ಲಸಿಕೆಗಳೂ ಮುಗಿದಿಲ್ಲ. ನೆಲಕ್ಕೆ ಹಾಸುವ, ಮೂತ್ರ ಹೀರುವ ಪ್ಯಾಡ್ ಬಳಸಬಹುದೇ?

ಉತ್ತರ: ಬಳಸಬಹುದು. ಆದರೆ ಕಾಲಡಿಯ ಸ್ಪರ್ಶವನ್ನು ಮರಿ ಎರಡು ತಿಂಗಳ ಹೊತ್ತಿಗೇ ಮನಸ್ಸಿಗೆ ಹಚ್ಚಿಕೊಳ್ಳುತ್ತದೆ. ಪ್ಯಾಡಿಗೆ ಒಗ್ಗಿದ ಕಾಲಿಗೆ ಕಾಲೊರಸು, ಚಾಪೆ ಎಲ್ಲವೂ ಪ್ಯಾಡೇ. ಬಾಲ್ಕನಿಯಲ್ಲಿ ಮಣ್ಣೋ ಹುಲ್ಲೋ ತುಂಬಿದ ತಟ್ಟೆಯಿಟ್ಟರೆ ಮುಂದಿನ ಬದಲಾವಣೆ ಸುಲಭ. ಮರಿಗಳಿಗೆ ಮಾರಕವಾಗಬಲ್ಲ ವಾಂತಿ ಭೇದಿ ತರುವ ಪಾರ್ವೊ ವೈರಸ್ ಮಣ್ಣಿನಲ್ಲಿ ತಿಂಗಳುಗಟ್ಟಲೆ ಬದುಕುವುದರಿಂದ ಅಪರಿಚಿತ ನಾಯಿಗಳು ಓಡಾಡುವ ಜಾಗಕ್ಕೆ ಇಳಿಸಬೇಡಿ. ಮರಿಯ ಲಸಿಕೆ ಸರಣಿಯ ಕೊನೆಯ ಚುಚ್ಚುಮದ್ದು 16 ವಾರ ತುಂಬಿದ ಮೇಲೆ ಬೀಳುವುದು ವಾಡಿಕೆ. ಹೊರಗಿಳಿಸುವ ದಿನವನ್ನು ನಿಮ್ಮ ವೈದ್ಯರೇ ಹೇಳಲಿ. ಪ್ಯಾಡ್ ಬಿಡಿಸುವಾಗ ದಿನಕ್ಕೊಂದು ಅಡಿಯಂತೆ ಬಾಗಿಲ ಕಡೆಗೆ ಸರಿಸಿ, ಒದ್ದೆಯಾದ ಒಂದು ತುಂಡನ್ನು ಹೊರಗಿನ ಜಾಗದಲ್ಲಿಡಿ.

ಪ್ರಶ್ನೆ: ಐದು ತಿಂಗಳಾಯಿತು, ಎಲ್ಲ ಕಲಿತಿದೆ. ನೆಂಟರು ಬಂದು ಬಗ್ಗಿ ತಲೆ ಸವರಿದರೆ ಮಾತ್ರ ಅಲ್ಲೇ ಮೂತ್ರ ಬಿಡುತ್ತದೆ.

ಉತ್ತರ: ಇದು ಶೌಚದ ಅಭ್ಯಾಸಕ್ಕೆ ಸೇರಿದ್ದಲ್ಲ, ಹಿಗ್ಗಿಗೋ ಅಳುಕಿಗೋ ತಾನಾಗಿ ಜಾರುವುದು. ಬೈದರೆ ಹೆಚ್ಚುತ್ತದೆ. ಬಂದವರು ಮೊದಲ ಕೆಲವು ನಿಮಿಷ ಅದರತ್ತ ನೋಡದಿರಲಿ, ಆಮೇಲೆ ಪಕ್ಕಕ್ಕೆ ತಿರುಗಿ ಕುಕ್ಕರಗಾಲಲ್ಲಿ ಕೂತು, ತಲೆಯ ಬದಲು ಗದ್ದದ ಕೆಳಗೆ ಕೆರೆಯಲಿ. ಭೇಟಿ ಹೊರಗೇ ಆದರೆ ಇನ್ನೂ ಒಳ್ಳೆಯದು. ಹೆಚ್ಚಿನವು ವರ್ಷ ತುಂಬುವಷ್ಟರಲ್ಲಿ ಬಿಟ್ಟುಬಿಡುತ್ತವೆ.

ಪ್ರಶ್ನೆ: ಕ್ರೇಟನ್ನು ಯಾವಾಗ ತೆಗೆಯಬಹುದು?

ಉತ್ತರ: ಸತತ ನಾಲ್ಕು ವಾರ ಒಂದೂ ತಪ್ಪಾಗದಿದ್ದರೆ ಒಂದು ಕೋಣೆ ಬಿಟ್ಟುಕೊಡಿ, ಇನ್ನೆರಡು ವಾರಕ್ಕೆ ಮತ್ತೊಂದು. ಆರರಿಂದ ಒಂಬತ್ತು ತಿಂಗಳ ನಡುವೆ ಕಲಿತದ್ದೂ ಕೆಲಕಾಲ ಹಳಿತಪ್ಪುತ್ತದೆ, ಗಂಡುಗಳು ಕಾಲೆತ್ತಿ ಗೋಡೆ, ಮೇಜಿನ ಕಾಲಿಗೆ ಗುರುತು ಹಾಕಲೂ ಶುರುಮಾಡುತ್ತವೆ. ಆಗ ಎರಡು ವಾರ ಮತ್ತೆ ಒಂದೇ ಕೋಣೆ, ಮತ್ತೆ ಗಡಿಯಾರ. ಕ್ರೇಟನ್ನು ಅಟ್ಟಕ್ಕೆ ಹಾಕಬೇಕಿಲ್ಲ. ಬಾಗಿಲು ತೆಗೆದಿಟ್ಟರೆ ಅನೇಕ ನಾಯಿಗಳು ಮಧ್ಯಾಹ್ನದ ನಿದ್ದೆಗೆ ತಾವಾಗಿ ಅದರೊಳಗೇ ಹೋಗುತ್ತವೆ.