ಮೇವಿನಿಂದ ಮೀನಿನ ‘ರೋಗನಿರೋಧಕ ಜೀನ್’ ಹೆಚ್ಚುತ್ತದೆಯೇ?

ಮದ್ದೂರಿನ ಕಡೆ ನಾಲೆ ನೀರಿನ ಹೊಂಡದಲ್ಲಿ ರೋಹು ಸಾಕುವ ನಿಮಗೆ ಮೇವಿನ ಅಂಗಡಿಯವರು ‘ಈ ಮೇವು ಹಾಕಿದರೆ ರೋಗನಿರೋಧಕ ಜೀನ್ ಹೆಚ್ಚುತ್ತದೆ’ ಎಂದು ಹೇಳಿದ್ದು ಅರ್ಧ ನಿಜ. ಜೀನ್‌ಗಳ ಸಂಖ್ಯೆ ಹೆಚ್ಚುವುದಿಲ್ಲ. ಇರುವ ಜೀನ್‌ಗಳೇ ಚುರುಕಾಗುತ್ತವೆ. ಮೀನಿನ ಮೂಳೆಗಳಲ್ಲಿ ನಮ್ಮಂತೆ ರಕ್ತಕಣ ಹುಟ್ಟಿಸುವ ಮಜ್ಜೆ ಇಲ್ಲ. ಆ ಕೆಲಸ ತಲೆಯ ಹಿಂದಿರುವ ಮೂತ್ರಪಿಂಡದ ಮುಂಭಾಗದ್ದು. ಮೀನಿಗೆ ರೋಗ ತರುವ ಏರೋಮೋನಾಸ್ ಬ್ಯಾಕ್ಟೀರಿಯಾ ಹೊಕ್ಕರೆ ಅಲ್ಲಿನ ಕೋಶಗಳಲ್ಲಿ ಇಂಟರ್‌ಲ್ಯೂಕಿನ್-1 ಬೀಟಾದಂತಹ, ಉರಿಯೂತ ಎಬ್ಬಿಸಿ ರೋಗಕ್ಕೆ ಎದುರಾಗುವ ಜೀನ್‌ಗಳ ಎಂಆರ್‌ಎನ್‌ಎ (ಜೀನ್ ಕೆಲಸ ಮಾಡುವಾಗ ತಯಾರಾಗುವ ನಕಲು) ಕೆಲವೇ ಗಂಟೆಗಳಲ್ಲಿ ಏರುತ್ತದೆ. ಪಿಸಿಆರ್ ಎಂಬ ಪ್ರಯೋಗಾಲಯದ ಪರೀಕ್ಷೆಯಲ್ಲಿ ಅಳೆಯುವುದು ಅದನ್ನೇ. ಯೀಸ್ಟ್‌ನ ಬೀಟಾ ಗ್ಲೂಕನ್ ಎಂಬ ಪದಾರ್ಥ ಬೆರೆಸಿದ ಮೇವೂ ಪ್ರಯೋಗಗಳಲ್ಲಿ ಇಂಥ ಏರಿಕೆ ತೋರಿಸಿದೆ. ಆದರೆ ಅಂಕಿ ಏರಿದ ಮಾತ್ರಕ್ಕೆ ಮೀನು ಉಳಿಯುತ್ತದೆ ಎನ್ನಲಾಗದು. ಉರಿಯೂತ ಬಹುಕಾಲ ಮುಂದುವರಿದರೆ ಬೆಳವಣಿಗೆಗೇ ಪೆಟ್ಟು. ಬೆಳಗಿನ ಜಾವ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತಿವೆಯೇ? ನೀರಿನಲ್ಲಿ ಆಮ್ಲಜನಕ ಸಾಲದು. ದುಬಾರಿ ಮೇವಿಗಿಂತ ಮೊದಲು ನೀರಿಗೆ ಗಾಳಿ ಬೆರೆಸುವ ಏರೇಟರ್ ಹಾಕಿಸಿ.